ಬಿಡುಗಡೆಯಾದವನ ಮೊದಲ ದಿನ



‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಪ್ಪು ದಾರಿ ಹಿಡಿಯಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುವಾಗ ಈ ಗಾದೆ ಚೆನ್ನಾಗಿ ಒದಗಿಬರುತ್ತದೆ. ಆದರೆ ತಪ್ಪು ಮಾಡಿ, ಅದಕ್ಕೆ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನೂ ಪೂರ್ತಿ ಅನುಭವಿಸಿ, ಜೈಲಿನ ಬಾಗಿಲು ದಾಟಿ ಹೊರಬಂದವನ ಕಿವಿಗೆ ಇದೇ ಗಾದೆ ಹೇಗೆ ಕೇಳಿಸೀತು? ಸರ್ಕಾರ ಕೊಟ್ಟ ಶಿಕ್ಷೆಗೆ ಒಂದು ಕೊನೆಯ ತಾರೀಖು ಇರುತ್ತದೆ. ಊರು ಕೊಡುವ ಶಿಕ್ಷೆಗೆ ಆ ತಾರೀಖು ಯಾವುದು?

ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ ಒಬ್ಬ ಹಾಸ್ಯನಟ ಕೇಳಿದ್ದ. ಅವನ ಹೆಸರು ಚಾರ್ಲಿ ಚಾಪ್ಲಿನ್. ಚಿತ್ರದ ಹೆಸರು ‘ಪೊಲೀಸ್’. 1916ರ ಮೇ ತಿಂಗಳಲ್ಲಿ ಅಮೆರಿಕದ ಎಸ್ಸನೇ ಕಂಪನಿ ಅದನ್ನು ಬಿಡುಗಡೆ ಮಾಡಿತು. ಎರಡೇ ರೀಲುಗಳ ಮೂಕಿ ಚಿತ್ರ. ಸುಮಾರು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಮಾತಿಲ್ಲದ ಚಿತ್ರವಾದ್ದರಿಂದ ಅದನ್ನು ನೋಡಿ ನಗಲು ಇಂಗ್ಲಿಷ್ ಬರಬೇಕೆಂದಿಲ್ಲ.

ಚಿತ್ರ ಆರಂಭವಾಗುವುದೇ ಜೈಲಿನ ಬಾಗಿಲಲ್ಲಿ. ಚಾರ್ಲಿಗೆ ಅಂದು ಬಿಡುಗಡೆ. ಹೊರಗೆ ಅವನಿಗಾಗಿ ಕಾದಿರುವವನು ಒಬ್ಬ ಧರ್ಮಬೋಧಕ. ಇನ್ನಾದರೂ ಪ್ರಾಮಾಣಿಕನಾಗಿ ಬದುಕು ಎಂದು ಆತ ಮನ ಕರಗುವಂತೆ ಉಪದೇಶ ಮಾಡುತ್ತಾನೆ. ಚಾರ್ಲಿಯ ಕಣ್ಣಲ್ಲಿ ನೀರೇ ಬರುತ್ತದೆ. ಅಲ್ಲಿಯೇ ಒಬ್ಬ ಕುಡುಕನಿದ್ದಾನೆ. ಅವನ ಗಡಿಯಾರ ಕೈಗೆ ಎಟುಕುವಂತಿದೆ. ಹಳೆಯ ಚಾರ್ಲಿಯಾಗಿದ್ದರೆ ಕ್ಷಣದಲ್ಲಿ ಎಗರಿಸುತ್ತಿದ್ದ. ಉಪದೇಶ ಕೇಳಿದ ಚಾರ್ಲಿ ಕೈಕಟ್ಟಿ ನಿಲ್ಲುತ್ತಾನೆ. ಬೋಧಕ ಹೊರಟುಹೋದ ಮೇಲೆ ನೋಡಿದರೆ ಚಾರ್ಲಿಯ ಜೇಬು ಖಾಲಿ. ಕುಡುಕನ ಗಡಿಯಾರವೂ ಇಲ್ಲ. ಎರಡನ್ನೂ ಹೊಡೆದುಕೊಂಡು ಹೋದವನು ಆ ಬೋಧಕನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬುದಕ್ಕೆ ಇದಕ್ಕಿಂತ ಚುಟುಕಾದ ದೃಷ್ಟಾಂತ ಸಿಕ್ಕುವುದು ಕಷ್ಟ.

ಇಲ್ಲಿಂದ ಮುಂದೆ ಆ ದಿನ ಹೇಗೆ ಸಾಗುತ್ತದೆ ಎಂಬುದನ್ನು ಗಮನಿಸಿ. ರಾತ್ರಿ ಮಲಗಲು ಜಾಗ ಬೇಕು. ಬಡವರು ಕಾಸು ಕೊಟ್ಟು ಮಲಗುವ ಒಂದು ವಸತಿಗೃಹಕ್ಕೆ ಬರುತ್ತಾನೆ. ಚಾರ್ಲಿಯಲ್ಲಿ ಕಾಸಿಲ್ಲ. ಕೆಮ್ಮುತ್ತಿರುವ ಒಬ್ಬ ಕ್ಷಯರೋಗಿಯನ್ನು ಕನಿಕರದಿಂದ ಹಾಗೆಯೇ ಒಳಗೆ ಬಿಡುವುದನ್ನು ಕಂಡು ಚಾರ್ಲಿಯೂ ಕೆನ್ನೆಗಳನ್ನು ಒಳಗೆಳೆದುಕೊಂಡು ರೋಗಿಯಂತೆ ನಟಿಸುತ್ತಾನೆ. ನಟನೆ ಫಲಿಸುವುದಿಲ್ಲ; ಹೊರಗೆ ದಬ್ಬಿಸಿಕೊಳ್ಳುತ್ತಾನೆ. ಪ್ರೇಕ್ಷಕರು ಬಿದ್ದು ಬಿದ್ದು ನಗುವ ದೃಶ್ಯವಿದು. ನಕ್ಕ ಮೇಲೆ ಒಂದು ಮಾತು ಹೊಳೆಯುತ್ತದೆ: ಕ್ಷಯರೋಗಿಗೆ ಸಿಗುವಷ್ಟು ಕನಿಕರವೂ ಜೈಲಿನಿಂದ ಬಂದವನಿಗೆ ಸಿಗುವುದಿಲ್ಲ. ಬೀದಿಗೆ ಬಿದ್ದ ಅವನಿಗೆ ಕತ್ತಲಲ್ಲಿ ಒಬ್ಬ ಪಿಸ್ತೂಲು ತೋರಿಸುತ್ತಾನೆ. ಮುಖ ನೋಡಿದರೆ ಜೈಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಹಳೆಯ ಗೆಳೆಯ! ಇಬ್ಬರೂ ಸೇರಿ ಒಂದು ಮನೆಗೆ ಕನ್ನ ಹಾಕಲು ಹೊರಡುತ್ತಾರೆ.

ಬಿಡುಗಡೆಯಾದ ಮೊದಲ ದಿನ ಚಾರ್ಲಿಗೆ ಎದುರಾದವರು ಮೂವರು. ಬೋಧಕ ಉಪದೇಶ ಕೊಟ್ಟು ಜೇಬು ಕತ್ತರಿಸಿದ. ವಸತಿಗೃಹದವನು ಬಾಗಿಲು ಮುಚ್ಚಿದ. ಹಳೆಯ ಕಳ್ಳ ಮಾತ್ರ, ‘ಬಾ, ಕೆಲಸವಿದೆ’ ಎಂದು ಕರೆದ. ಚಾರ್ಲಿ ಮತ್ತೆ ಕಳ್ಳತನಕ್ಕೆ ಇಳಿದದ್ದು ಅವನ ಹುಟ್ಟುಗುಣದಿಂದಲೆ, ಅಥವಾ ಆ ದಿನ ತೆರೆದಿದ್ದ ಬಾಗಿಲು ಅದೊಂದೇ ಆದ್ದರಿಂದಲೆ? ಚಿತ್ರ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಘಟನೆಗಳನ್ನು ಒಂದರ ಹಿಂದೆ ಒಂದು ಇಟ್ಟು ಸುಮ್ಮನಾಗುತ್ತದೆ.

ಕನ್ನ ಹಾಕಿದ ಮನೆಯಲ್ಲಿ ಒಬ್ಬ ತರುಣಿ ಇದ್ದಾಳೆ. ಆ ಪಾತ್ರದಲ್ಲಿ ನಟಿಸಿದಾಕೆ ಎಡ್ನಾ ಪರ್ವಿಯನ್ಸ್. ಸದ್ದು ಕೇಳಿದ ಆಕೆ ಪೊಲೀಸರಿಗೆ ಫೋನ್ ಮಾಡುತ್ತಾಳೆ. ಪೊಲೀಸರೋ ಆರಾಮವಾಗಿ ಚಹಾ ಕುಡಿದು, ಯಾವ ಅವಸರವೂ ಇಲ್ಲದೆ ಹೊರಡುತ್ತಾರೆ. ಅಷ್ಟರಲ್ಲಿ ಆಕೆ ಕಳ್ಳರನ್ನು ಎದುರುಗೊಂಡು, ಮಹಡಿಯ ಮೇಲೆ ತಾಯಿ ಕಾಯಿಲೆಯಿಂದ ಮಲಗಿದ್ದಾಳೆ, ಗದ್ದಲ ಮಾಡಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಅಷ್ಟೇ ಅಲ್ಲ, ಅವರಿಗೆ ತಿನ್ನಲು ಕುಡಿಯಲು ಕೊಡುತ್ತಾಳೆ. ಬೆಳಗಿನಿಂದ ಚಾರ್ಲಿಗೆ ಮನುಷ್ಯರು ಪ್ರೀತಿಯಿಂದ ಕೊಟ್ಟ ಮೊದಲ ತುತ್ತು ಅದು. ಜೊತೆಗಾರ ಮಾತ್ರ ಮಹಡಿಯನ್ನೂ ದೋಚಲು ಹೊರಡುತ್ತಾನೆ. ಆಗ ಚಾರ್ಲಿ ಅವನಿಗೆ ಅಡ್ಡ ನಿಲ್ಲುತ್ತಾನೆ, ಬಡಿದಾಡುತ್ತಾನೆ. ಪೊಲೀಸರು ಬಂದಾಗ ಜೊತೆಗಾರ ಪರಾರಿ, ಸಿಕ್ಕಿಬಿದ್ದವನು ಚಾರ್ಲಿ. ಆ ತರುಣಿ ಅಧಿಕಾರಿಗಳ ಎದುರು ಒಂದು ಸುಳ್ಳು ಹೇಳುತ್ತಾಳೆ: ಈತ ತನ್ನ ಗಂಡ ಎಂದು. ಚಾರ್ಲಿ ಕೂಡಲೆ ಮನೆಯ ಯಜಮಾನನ ಠೀವಿಯಲ್ಲಿ ಪೊಲೀಸರನ್ನು ಉಪಚರಿಸತೊಡಗುತ್ತಾನೆ.

ಸತ್ಯ ಸದಾಚಾರಗಳ ಉಪದೇಶ ಮಾಡಿದವನು ಕಳ್ಳನಾಗಿದ್ದ. ಸುಳ್ಳು ಹೇಳಿದವಳು ಒಬ್ಬ ಮನುಷ್ಯನನ್ನು ಉಳಿಸಿದಳು. ಚಿತ್ರದ ಆರಂಭಕ್ಕೂ ಅಂತ್ಯಕ್ಕೂ ಇರುವ ಈ ತಿರುವು ಮುರುವೇ ‘ಪೊಲೀಸ್’ ಚಿತ್ರದ ಹುರುಳು. ಕೊನೆಯಲ್ಲಿ ಆಕೆಯಿಂದ ಒಂದು ನಾಣ್ಯ ಪಡೆದು, ಕೈಗಳನ್ನು ಅಗಲವಾಗಿ ಚಾಚಿ, ಚಾರ್ಲಿ ಹೊಸ ಬದುಕಿನ ಕಡೆಗೆ ನಡೆಯುತ್ತಾನೆ. ಅದೇ ಗಳಿಗೆಗೆ ಹಿಂದಿನಿಂದ ಒಬ್ಬ ಪೊಲೀಸ್ ಕಾಣಿಸಿಕೊಳ್ಳುತ್ತಾನೆ. ಚಾರ್ಲಿ ಓಟ ಕೀಳುತ್ತಾನೆ. ಚಿತ್ರ ಮುಗಿಯಿತು.

ಇಷ್ಟು ಕಹಿಯಾದ ವಿಷಯವನ್ನು ಹಾಸ್ಯಕ್ಕೆ ಯಾಕೆ ತಂದರು ಎಂದು ಕೇಳಬಹುದು. ಇದಕ್ಕೆ ಉತ್ತರ ಚಾಪ್ಲಿನ್‌ರ ಬಾಲ್ಯದಲ್ಲಿದೆ. ಅವರು ಹುಟ್ಟಿದ್ದು 1889ರಲ್ಲಿ. ಬೆಳೆದದ್ದು ಲಂಡನ್ನಿನ ಬಡವರ ಕೇರಿಗಳಲ್ಲಿ. ಏಳನೆಯ ವಯಸ್ಸಿಗೇ ತಾಯಿ ಮತ್ತು ಅಣ್ಣನೊಂದಿಗೆ ಲ್ಯಾಂಬೆತ್‌ನ ವರ್ಕ್‌ಹೌಸ್ ಸೇರಬೇಕಾಯಿತು. ಬಡತನವೇ ಅಪರಾಧವೋ ಎಂಬಂತೆ ಬಡವರನ್ನು ನಡೆಸಿಕೊಳ್ಳುತ್ತಿದ್ದ ಜಾಗಗಳು ಅವು. ಕುಡಿತಕ್ಕೆ ಬಲಿಯಾದ ತಂದೆ 1901ರಲ್ಲಿ ತೀರಿಕೊಂಡರು. ತಾಯಿ ಮತ್ತೆ ಮತ್ತೆ ಮಾನಸಿಕ ಆಸ್ಪತ್ರೆ ಸೇರಿದರು. ಬಾಗಿಲಲ್ಲಿ ನಿಂತು ದಯೆ ಬೇಡುವುದು ಎಂದರೇನೆಂಬುದು ಚಾಪ್ಲಿನ್‌ರಿಗೆ ಪುಸ್ತಕ ಓದಿ ತಿಳಿದ ಸಂಗತಿಯಾಗಿರಲಿಲ್ಲ. ಎಸ್ಸನೇ ಕಂಪನಿಯಲ್ಲಿದ್ದಾಗಲೇ ಕೊಳೆಗೇರಿಯ ಬದುಕನ್ನು ಕುರಿತು ‘ಲೈಫ್’ ಎಂಬ ದೀರ್ಘ ಚಿತ್ರವೊಂದನ್ನು ಮಾಡಲು ಅವರು ಹೊರಟಿದ್ದರು. ಬೇಗ ಬೇಗ ಸಣ್ಣ ಚಿತ್ರಗಳು ಬೇಕೆಂಬ ಕಂಪನಿಯ ಒತ್ತಡದಲ್ಲಿ ಅದು ನಿಂತುಹೋಯಿತು. ‘ಪೊಲೀಸ್’ ಚಿತ್ರದ ವಸತಿಗೃಹದ ದೃಶ್ಯಗಳಲ್ಲಿ ಆ ಕೈಬಿಟ್ಟ ಚಿತ್ರದ ನೆರಳಿದೆ ಎಂಬುದು ಚಲನಚಿತ್ರ ಇತಿಹಾಸಕಾರರ ಅಭಿಪ್ರಾಯ.

ಜೈಲಿನಿಂದ ಬಂದವನ ಕಥೆಯನ್ನು ಚಾಪ್ಲಿನ್ ಅಷ್ಟಕ್ಕೇ ಬಿಡಲಿಲ್ಲ. 1923ರ ‘ದಿ ಪಿಲ್‌ಗ್ರಿಂ’ ಚಿತ್ರದಲ್ಲಿ ಜೈಲು ತಪ್ಪಿಸಿಕೊಂಡ ಕೈದಿ ಪಾದ್ರಿಯ ಬಟ್ಟೆ ತೊಟ್ಟು ಒಂದು ಊರಿಗೆ ಬಂದಿಳಿಯುತ್ತಾನೆ. ಊರಿನವರು ತಮ್ಮ ಹೊಸ ಪಾದ್ರಿ ಇವನೇ ಎಂದು ನಂಬುತ್ತಾರೆ. ನಂಬಿದ ಜನರಿಗೆ ಮೋಸ ಮಾಡಲಾರದೆ, ಹಳೆಯ ಜೊತೆಗಾರ ಕದ್ದ ಹಣವನ್ನು ಅವನೇ ಹಿಂದಕ್ಕೆ ತಂದುಕೊಡುತ್ತಾನೆ. 1931ರ ‘ಸಿಟಿ ಲೈಟ್ಸ್’ನಲ್ಲಿ ಕುರುಡು ಹುಡುಗಿಯ ಕಣ್ಣಿನ ಚಿಕಿತ್ಸೆಗೆ ಹಣ ಹೊಂದಿಸಿಕೊಟ್ಟವನು, ಮಾಡದ ಕಳವಿಗಾಗಿ ಜೈಲಿಗೆ ಹೋಗಿ, ಹರಿದ ಬಟ್ಟೆಯಲ್ಲಿ ಹಿಂದಿರುಗುತ್ತಾನೆ. 1936ರ ‘ಮಾಡರ್ನ್ ಟೈಮ್ಸ್’ನಲ್ಲಂತೂ ಕಾರ್ಮಿಕನಿಗೆ ಬಿಡುಗಡೆಯೇ ಬೇಡವಾಗುತ್ತದೆ. ಹೊರಗೆ ನಿರುದ್ಯೋಗ, ಹಸಿವು. ಒಳಗೆ ಹೊತ್ತು ಹೊತ್ತಿಗೆ ಊಟ. ಅಧಿಕಾರಿಯ ಶಿಫಾರಸು ಪತ್ರ ಹಿಡಿದು ಹೊರಬಂದವನು ಸಿಕ್ಕ ಕೆಲಸವನ್ನು ಕಳೆದುಕೊಂಡು, ಮತ್ತೆ ಜೈಲು ಸೇರುವುದಕ್ಕೆಂದೇ ಹೋಟೆಲಿನಲ್ಲಿ ಹೊಟ್ಟೆತುಂಬ ಉಂಡು ಹಣವಿಲ್ಲ ಎನ್ನುತ್ತಾನೆ. ಜೈಲು ಹೊರಜಗತ್ತಿಗಿಂತ ವಾಸಿ ಎನಿಸಿದರೆ ದೋಷವಿರುವುದು ಜೈಲಿನಲ್ಲೋ ಹೊರಜಗತ್ತಿನಲ್ಲೋ ಎಂಬುದನ್ನು ನಗುತ್ತ ನಗುತ್ತಲೇ ಯೋಚಿಸಬೇಕಾಗುತ್ತದೆ.

ಇದೆಲ್ಲ ಅಮೆರಿಕದ ಮಾತಾಯಿತು, ಇಲ್ಲಿಗೇನು ಸಂಬಂಧ ಎನ್ನುವವರಿಗೆ ಮೈಸೂರಿನಲ್ಲಿ ಬಾಳಿ ಬರೆದ ಆರ್. ಕೆ. ನಾರಾಯಣ್ ಅವರ ಕಥೆಗಳಿವೆ. ಇಂಗ್ಲಿಷಿನಲ್ಲಿ ಬರೆದರೂ ಅವರ ಮಾಲ್ಗುಡಿಯ ಗಾಳಿ ಈ ನಾಡಿನದು. ಶಂಕರ್‌ನಾಗ್ ಅದನ್ನು ಕಿರುತೆರೆಗೆ ತಂದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ನಾರಾಯಣ್ ಅವರ ಒಂದು ಸಣ್ಣ ಕಥೆಯಲ್ಲಿ ಸಿದ್ದ ಎಂಬಾತ ಶಿವಶಂಕರ ಎಂಬ ಗೃಹಸ್ಥರ ಮನೆಗೆ ಕೆಲಸ ಕೇಳಿಕೊಂಡು ಬರುತ್ತಾನೆ. ಎರಡು ಹೊತ್ತು ಊಟ, ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಆ ಮನೆಯ ಐದು ವರ್ಷದ ಮಗು ಲೀಲಾಳಿಗೆ ಸಿದ್ದನೆಂದರೆ ಪ್ರಾಣ. ಆತ ಆಕಾಶಕ್ಕೆ ಚೆಂಡೆಸೆದು ಚಂದ್ರನನ್ನು ಮುಟ್ಟಿಸುತ್ತಾನೆ, ರಾತ್ರಿ ಕಥೆ ಹೇಳುತ್ತಾನೆ. ಆಕೆ ಅವನಿಗೆ ಅಕ್ಷರ ಕಲಿಸುತ್ತಾಳೆ. ಒಂದು ದಿನ ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ. ತಾಯಿ ಗದರಿದ್ದೇ ತಡ ಸಿದ್ದ ಮನೆಬಿಟ್ಟು ಹೋಗುತ್ತಾನೆ. ಅವನು ಹಿಂದೆ ಜೈಲಿಗೆ ಹೋಗಿಬಂದವನು ಎಂಬುದು ಪೊಲೀಸರಿಂದ ತಿಳಿಯುತ್ತದೆ. ಅಲ್ಲಿಗೆ ತೀರ್ಮಾನವಾಗಿಹೋಯಿತು. ಕೆಲ ದಿನಗಳ ಮೇಲೆ ಸರ ಮನೆಯಲ್ಲೇ ಸಿಗುತ್ತದೆ, ಹುಣಸೆಹಣ್ಣಿನ ಗಡಿಗೆಯೊಳಗೆ. ಹಾಕಿದವಳು ಲೀಲಾಳೇ. ಆಗ ಯಜಮಾನರು ಪೊಲೀಸರಿಗೆ ವಿಷಯ ತಿಳಿಸಬೇಕೆಂದು ಒಪ್ಪುತ್ತಾರೆ. ಆದರೂ ಅಂಥವನನ್ನು ಮನೆಯಲ್ಲಿಟ್ಟುಕೊಳ್ಳಲು ಸಾಧ್ಯವಿರಲಿಲ್ಲ ಎಂಬಲ್ಲಿಗೆ ಅವರ ಮಾತು ನಿಲ್ಲುತ್ತದೆ. ಕಳವು ಆಗಲೇ ಇಲ್ಲ, ಕಳ್ಳ ಮಾತ್ರ ಕಳ್ಳನಾಗಿಯೇ ಉಳಿದ!

ನಾರಾಯಣ್ ಅವರದೇ ಇನ್ನೊಂದು ಕಥೆಯಲ್ಲಿ ರಾಜು ಎಂಬ ಜೇಬುಗಳ್ಳ ಹಸಿರು ಕೋಟಿನವನೊಬ್ಬನ ಪರ್ಸು ಎಗರಿಸುತ್ತಾನೆ. ಅದರೊಳಗೆ ತಾಯಿಯಿಲ್ಲದ ಮಗುವಿಗೆಂದು ಕೊಂಡ ಬಲೂನು ಸಿಗುತ್ತದೆ. ಮನಸ್ಸು ಕರಗಿ ಪರ್ಸನ್ನು ಮತ್ತೆ ಅದೇ ಜೇಬಿಗೆ ಇಡಲು ಹೋಗಿ ಸಿಕ್ಕಿಬೀಳುತ್ತಾನೆ. ಕದಿಯುವಾಗ ಸಿಕ್ಕದವನು ಹಿಂದಿರುಗಿಸುವಾಗ ಸಿಕ್ಕಿದ. ಹದಿನೆಂಟು ತಿಂಗಳ ಶಿಕ್ಷೆ ಮುಗಿಸಿ ಬಂದ ರಾಜು ಕಲಿತ ಪಾಠ ಏನು ಗೊತ್ತೆ? ಕದ್ದದ್ದನ್ನು ಎಂದೂ ಹಿಂದಕ್ಕೆ ಇಡಬಾರದು! ಶಿಕ್ಷೆಯಿಂದ ಮನುಷ್ಯ ಪಾಠ ಕಲಿಯುತ್ತಾನೆ ಎಂಬುದೇನೋ ನಿಜ. ಯಾವ ಪಾಠ ಎಂಬುದು ಮಾತ್ರ ನ್ಯಾಯಾಧೀಶರ ಕೈಯಲ್ಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಹೆಸರಾದ ‘ದಿ ಗೈಡ್’. 1958ರಲ್ಲಿ ಬಂದ ಈ ಕಾದಂಬರಿಗೆ 1960ರ ಸಾಲಿನ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1965ರಲ್ಲಿ ದೇವಾನಂದ್ ನಾಯಕರಾಗಿ ಹಿಂದಿ ಚಿತ್ರವೂ ಬಂತು. ಖೋಟಾ ಸಹಿಗಾಗಿ ಜೈಲು ಕಂಡ ರಾಜು ಬಿಡುಗಡೆಯಾಗಿ, ಊರಿಗೆ ಹೋಗಲು ಮುಖವಿಲ್ಲದೆ ನದಿಯ ದಡದ ಹಾಳು ಗುಡಿಯಲ್ಲಿ ಕುಳಿತಿರುತ್ತಾನೆ. ವೇಲನ್ ಎಂಬ ಹಳ್ಳಿಗ ಅವನನ್ನು ಮಹಾತ್ಮನೆಂದು ತಿಳಿದು ಕೈಮುಗಿಯುತ್ತಾನೆ. ಅನ್ನ ಸಿಗುತ್ತದಲ್ಲ ಎಂದು ರಾಜು ಸುಮ್ಮನಿರುತ್ತಾನೆ. ಅರ್ಧ ಕಾದಂಬರಿ ಇದೇ ನಗೆಯಲ್ಲಿ ಸಾಗುತ್ತದೆ. ಆಮೇಲೆ ಬರಗಾಲ ಬರುತ್ತದೆ. ಮಳೆಗಾಗಿ ಸ್ವಾಮಿಗಳು ಹನ್ನೆರಡು ದಿನ ಉಪವಾಸ ಮಾಡುತ್ತಾರೆಂದು ಊರೆಲ್ಲ ನಂಬುತ್ತದೆ. ತಾನು ಜೈಲಿನಿಂದ ಬಂದವನೆಂದು ರಾಜು ವೇಲನ್‌ನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದರೂ ಆತನ ಭಕ್ತಿ ಕದಲುವುದಿಲ್ಲ. ಕೊನೆಗೆ ರಾಜು ನಿಜವಾಗಿಯೂ ಉಪವಾಸ ಮಾಡುತ್ತಾನೆ. ನಂಬಿಕೆ ಅವನನ್ನು ಬಲವಂತವಾಗಿ ಎತ್ತರಕ್ಕೆ ಏರಿಸುತ್ತದೆ.

ಈ ಕಥೆಗೆ ಹಿನ್ನೆಲೆ ಒದಗಿಸಿದ್ದು ಮೈಸೂರು ಸೀಮೆಯ ಒಂದು ನಿಜವಾದ ಬರ. ಕೃಷ್ಣರಾಜಸಾಗರ ಬತ್ತಿ ತಳದ ಹಳೆಯ ಗುಡಿ ಕಾಣಿಸಿಕೊಂಡದ್ದನ್ನೂ, ಕಾವೇರಿಯ ಪಾತ್ರದಲ್ಲಿ ನೀರಿನಲ್ಲಿ ನಿಂತು ಬ್ರಾಹ್ಮಣರು ಹನ್ನೊಂದು ದಿನ ಮಳೆಗಾಗಿ ಜಪ ಮಾಡಿದ್ದನ್ನೂ, ಹನ್ನೆರಡನೆಯ ದಿನ ಮಳೆ ಬಂದದ್ದನ್ನೂ ನಾರಾಯಣ್ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ವೇಲನ್‌ನ ಭಕ್ತಿಯನ್ನು ಮೌಢ್ಯವೆಂದು ಪೇಟೆಯ ಓದುಗರು ನಕ್ಕುಬಿಡಬಹುದು. ಮಾರಿಕಣಿವೆಯ ಆಸುಪಾಸಿನವರಿಗೆ ಅಷ್ಟು ಸುಲಭವಾಗಿ ನಗು ಬಾರದು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ, 130 ಅಡಿ ನೀರು ನಿಲ್ಲುವ ಈ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ಕೋಡಿಯ ನೀರನ್ನು ಕಾಣದೆಯೇ ಇಲ್ಲಿ ಎಷ್ಟೋ ಮಂದಿ ಹುಟ್ಟಿ, ಬೇಸಾಯ ಮಾಡಿ, ಮುದುಕರಾಗಿ ತೀರಿಕೊಂಡರು. ಆದರೂ ಹಿರಿಯೂರು, ಹೊಸದುರ್ಗದ ರೈತರು ಪ್ರತಿ ಮುಂಗಾರಿಗೂ ಮುಗಿಲು ನೋಡುವುದನ್ನು ಬಿಡಲಿಲ್ಲ. ಒಂದು ಸಲ ಕೈಕೊಟ್ಟ ಮಳೆಯನ್ನು ಎಂದೆಂದಿಗೂ ನಂಬುವುದಿಲ್ಲ ಎಂದಿದ್ದರೆ ಬಯಲುಸೀಮೆಯಲ್ಲಿ ಬಿತ್ತನೆಯೇ ನಡೆಯುತ್ತಿರಲಿಲ್ಲ. ಮೋಡಕ್ಕೆ ಇಷ್ಟು ಅವಕಾಶ ಕೊಡುವವರು ಮನುಷ್ಯನಿಗೆ ಎರಡನೆಯ ಅವಕಾಶ ಕೊಡಲು ಯಾಕೆ ಹಿಂಜರಿಯುತ್ತಾರೆ?

ಕನ್ನಡದ ಪರಂಪರೆಯಲ್ಲಿ ಆ ಅವಕಾಶ ಕೊಟ್ಟ ಉದಾಹರಣೆಗಳಿಲ್ಲವೆ? ಇವೆ. ಹನ್ನೆರಡನೆಯ ಶತಮಾನದ ವಚನಕಾರ ಉರಿಲಿಂಗಪೆದ್ದಿಯ ಕಥೆಯನ್ನೇ ನೋಡಿ. ಐತಿಹ್ಯದ ಪ್ರಕಾರ ಆತ ಮೊದಲು ಪೆದ್ದಣ್ಣ ಎಂಬ ಕಳ್ಳ. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಮರೆಯಿಂದ ಕಂಡು ಮನಸ್ಸು ಬದಲಾಯಿತು. ಗುರುವನ್ನು ಹುಡುಕಿಹೋಗಿ ಶಿಷ್ಯನಾದ. ಮುಂದೆ ಗುರುವಿನ ಪೀಠಕ್ಕೇ ಉತ್ತರಾಧಿಕಾರಿಯಾದ. ಚಾರ್ಲಿಯೂ ಕನ್ನ ಹಾಕಲು ಹೋದ ಮನೆಯಲ್ಲಿಯೇ ಬದಲಾದವನು. ಆದರೆ ಇಬ್ಬರ ಹಣೆಬರಹದಲ್ಲಿ ವ್ಯತ್ಯಾಸವಿದೆ. ಒಬ್ಬನಿಗೆ ಗುರು ಕೈಹಿಡಿದ, ಸಮಾಜ ಪೀಠ ಕೊಟ್ಟಿತು. ಇನ್ನೊಬ್ಬನಿಗೆ ಸಿಕ್ಕಿದ್ದು ಒಂದು ನಾಣ್ಯ ಮತ್ತು ಬೆನ್ನ ಹಿಂದೆ ಒಬ್ಬ ಪೊಲೀಸ್.

ಇದೇ ನಾಡಿನಲ್ಲಿ ತದ್ವಿರುದ್ಧವಾದ ಇತಿಹಾಸವೂ ಇದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಒಂದು ಕಾಯಿದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡತೊಡಗಿತು. ಕದಿಯದವರೂ ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ದಾಟಬಾರದು. ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಇರಿಸಿದ ಜಾಗಗಳಿಗೆ ‘ಸೆಟ್ಲಮೆಂಟ್’ ಎಂಬ ಹೆಸರೇ ಉಳಿದುಕೊಂಡಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿತು. ಕಾಯಿದೆ ಹೋದಷ್ಟು ಬೇಗ ಹಣೆಪಟ್ಟಿ ಹೋಗಲಿಲ್ಲ. ಜೈಲಿನ ಮುಖವನ್ನೇ ಕಾಣದ ಮಕ್ಕಳೂ ಸಿದ್ದನಂತೆ ಮೊದಲು ಗುಮಾನಿಗೆ ಗುರಿಯಾದರು.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಒಂದು ಹೆಜ್ಜೆ ಮುಂದಿದೆ ಎನ್ನಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ, ಅರ್ಹರೆಂದು ಕಂಡ ಅಪರಾಧಿಗಳನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಹಾಗೆ ಬಿಟ್ಟವರಿಗೆ ಆ ಶಿಕ್ಷಾರ್ಹ ತೀರ್ಪಿನಿಂದ ಕಾನೂನಿನ ಅನರ್ಹತೆ ತಟ್ಟಬಾರದೆಂದು ಅದರ ಹನ್ನೆರಡನೆಯ ಕಲಮು ಹೇಳುತ್ತದೆ. ಕಾನೂನು ಬರೆದವರಿಗೆ ಅಡಿಕೆ ಮತ್ತು ಆನೆಯ ಲೆಕ್ಕ ಸರಿಯಿಲ್ಲವೆಂದು ಹೊಳೆದಿತ್ತು.

ಕಲೆಯ ಮೂಲಕವೂ ಕರ್ನಾಟಕದಲ್ಲಿ ಒಂದು ದಾರಿ ತೆರೆಯಿತು. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಜೈಲುಗಳೊಳಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ‘ಮ್ಯಾಕ್‌ಬೆತ್’ ಆಧರಿಸಿ ಎಚ್. ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ವನ್ನು ಮೈಸೂರು ಜೈಲಿನ ಕೈದಿಗಳು ಅಭಿನಯಿಸಿದರು. ಕೊಲೆಯ ಪಾಪಪ್ರಜ್ಞೆಯಲ್ಲಿ ಬೇಯುವ ನಾಯಕನ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರೇ ಆಡಿದಾಗ ಪ್ರೇಕ್ಷಕರ ಕಣ್ಣಿಗೆ ಕೈದಿ ನಂಬರು ಹೋಗಿ ಮುಖ ಕಾಣಿಸಿತು. ಚಾಪ್ಲಿನ್ ನಗಿಸಿ ಮಾಡಿದ ಕೆಲಸವೂ ಅದೇ. ಚಾರ್ಲಿಯ ಕಷ್ಟಕ್ಕೆ ನಕ್ಕವರು ಅವನ ಪಕ್ಷ ವಹಿಸದೆ ಇರಲಾರರು. ಅವನನ್ನು ಹಿಡಿಯಲು ಬಂದ ಪೊಲೀಸ್ ಎಡವಿ ಬಿದ್ದರೆ ಚಪ್ಪಾಳೆ ತಟ್ಟುವವರು, ಅರ್ಧ ಗಂಟೆಯ ಮಟ್ಟಿಗಾದರೂ ಜೈಲಿನಿಂದ ಬಂದವನೊಬ್ಬನಿಗೆ ಒಳ್ಳೆಯದಾಗಲಿ ಎಂದು ಬಯಸಿದವರೇ.

ಹಾಗೆಂದು ಮನೆಯ ಬಾಗಿಲುಗಳಿಗೆ ಬೀಗ ಹಾಕಬೇಡಿ ಎಂದು ಈ ಚಿತ್ರ ಹೇಳುವುದಿಲ್ಲ. ಅದರಲ್ಲಿ ಬದಲಾಗದ ಕಳ್ಳನೂ ಇದ್ದಾನೆ. ಉಂಡ ಮನೆಯ ಮಹಡಿಯನ್ನೇ ದೋಚಲು ಹೊರಟವನು. ಇಬ್ಬರೂ ಒಂದೇ ಜೈಲಿನಿಂದ ಬಂದವರು, ಒಂದೇ ಮೇಜಿನ ತಿಂಡಿ ತಿಂದವರು. ಒಬ್ಬ ಬದಲಾದ, ಒಬ್ಬ ಆಗಲಿಲ್ಲ. ತಿನ್ನಲು ಕೊಡುವ ಮೊದಲು ಯಾರು ಯಾರೆಂದು ತಿಳಿಯುವ ಉಪಾಯ ಆ ತರುಣಿಗೂ ಇರಲಿಲ್ಲ. ನಂಬಿದರೆ ನಷ್ಟವಾಗುವ ಸಂಭವ ಯಾವಾಗಲೂ ಇರುತ್ತದೆ. ನಂಬದಿದ್ದರೆ ಆಗುವ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಅದನ್ನು ಸಿದ್ದನಂಥವರು ಒಬ್ಬರೇ ಭರಿಸುತ್ತಾರೆ.

ಬಾಡಿಗೆಗೆ ಕೋಣೆ ಕೇಳಿ, ತೋಟದಲ್ಲಿ ಕೂಲಿ ಕೇಳಿ, ಗ್ಯಾರೇಜಿನಲ್ಲಿ ಕೆಲಸ ಕೇಳಿ ಅಂಥ ಒಬ್ಬ ಮನುಷ್ಯ ಯಾವ ಊರಿನ ಬಾಗಿಲಿಗೂ ಬರಬಹುದು. ಉಪದೇಶ ಅವನಿಗೆ ಜೈಲಿನಲ್ಲಿಯೇ ಬೇಕಾದಷ್ಟು ಸಿಕ್ಕಿರುತ್ತದೆ. ಆ ದಿನ ಅವನಿಗೆ ಬೇಕಾಗಿರುವುದು ಒಂದು ಹೊತ್ತಿನ ಊಟ, ಮಲಗಲು ಜಾಗ, ನಾಳೆಗೆ ಒಂದು ಕೆಲಸ. ಅದನ್ನು ಊರಿನ ಒಳ್ಳೆಯವರು ಕೊಡದೆ ಹೋದರೆ, ಕೊಡಲು ಬೀದಿಯ ಕತ್ತಲಲ್ಲಿ ಹಳೆಯ ಗೆಳೆಯ ಕಾದು ನಿಂತಿರುತ್ತಾನೆ.